ದಾಸ್ತೋವ್‌ಸ್ಕಿಯ ಕೋಣೆಗೆ ಬಂದ ಕ್ಯಾಮೆರಾ



ಈ ದತ್ತಿ ಉಪನ್ಯಾಸದಲ್ಲಿ ಇಂದಿನ ನನ್ನ ಮಾತು ರಷ್ಯದ ಒಂದು ಕಾದಂಬರಿಯನ್ನು ಕುರಿತದ್ದು. ಅದು ಬೇರೆ ಬೇರೆ ದೇಶಗಳಲ್ಲಿ ಸಿನಿಮಾ ಆದ ಬಗೆಯನ್ನು ಕುರಿತದ್ದು. ದಾಸ್ತೋವ್‌ಸ್ಕಿ 1868–69ರಲ್ಲಿ ಪ್ರಕಟಿಸಿದ ‘ಈಡಿಯಟ್’ ಆ ಕಾದಂಬರಿ. ಅದನ್ನು ಜಪಾನಿನಲ್ಲಿ ಅಕಿರಾ ಕುರೊಸಾವಾ 1951ರಲ್ಲಿ, ಸೋವಿಯತ್ ದೇಶದಲ್ಲಿ ಇವಾನ್ ಪಿರಿಯೆವ್ 1958ರಲ್ಲಿ, ನಮ್ಮಲ್ಲಿ ಮಣಿ ಕೌಲ್ 1991ರಲ್ಲಿ ತೆರೆಗೆ ತಂದರು. ಈ ಮೂವರ ಕೆಲಸವನ್ನು ನೋಡುತ್ತಾ ನೋಡುತ್ತಾ ನನಗೆ ಮತ್ತೆ ಮತ್ತೆ ನೆನಪಾದದ್ದು ಕನ್ನಡದ ಒಂದು ಚಿತ್ರ. ಅದು ಯಾವ ರಷ್ಯನ್ ಪುಸ್ತಕದಿಂದಲೂ ಬಂದದ್ದಲ್ಲ. ಆದರೂ ಅದರ ಬಳಿಗೆ ಬಾರದೆ ಈ ಮಾತು ಮುಗಿಯುವುದಿಲ್ಲ.

ಇಷ್ಟು ದೂರದ ವಸ್ತುವನ್ನು ಹಿಂದೂಪುರದಲ್ಲಿ ಎತ್ತಿಕೊಳ್ಳಲು ಕಾರಣ ಇಲ್ಲಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಲೇಪಾಕ್ಷಿಯ ವೀರಭದ್ರ ದೇಗುಲವನ್ನು ನೀವೆಲ್ಲ ನೋಡಿದ್ದೀರಿ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ಅದರ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ, ಚಾವಣಿಯ ಮೇಲೆ ಬಣ್ಣದ ಕಥೆಗಳಿವೆ. ದ್ರೌಪದಿಯ ಸ್ವಯಂವರವಿದೆ, ಕಿರಾತಾರ್ಜುನೀಯವಿದೆ. ಆ ಚಿತ್ರಗಾರ ದ್ವಾಪರಯುಗ ಹೇಗಿತ್ತೆಂದು ತಲೆ ಕೆಡಿಸಿಕೊಳ್ಳಲಿಲ್ಲ. ಗಂಡಸರ ತಲೆಗೆ ವಿಜಯನಗರದ ಎತ್ತರದ ಕುಲಾವಿ ಇಟ್ಟ, ಹೆಂಗಸರಿಗೆ ತನ್ನ ಕಣ್ಣೆದುರು ನೇಯುತ್ತಿದ್ದ ಅಂಚು ಸೆರಗಿನ ಸೀರೆ ಉಡಿಸಿದ. ಸಾವಿರಾರು ಪದ್ಯಗಳ ಕಥೆಯಿಂದ ಒಂದೋ ಎರಡೋ ಗಳಿಗೆಗಳನ್ನು ಆರಿಸಿ, ಒಬ್ಬರ ಎದುರು ಒಬ್ಬರನ್ನು ನಿಲ್ಲಿಸಿದ. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದರಿಂದಲೇ ನಮಗೆ ಕಥೆ ತಿಳಿಯುತ್ತದೆ. ಪುಸ್ತಕವನ್ನು ಚಿತ್ರಕ್ಕೆ ತರುವ ಕೆಲಸದ ಬಗ್ಗೆ ನನಗೆ ಗೊತ್ತಿರುವ ಮೊದಲ ಪಾಠ ಅದೇ ಚಾವಣಿ. ಉಡುಪು, ಊರು, ಹವೆ ಇವು ಬದಲಾಗಬಹುದು. ಯಾರ ಎದುರು ಯಾರು ನಿಂತಿದ್ದಾರೆ, ಅವರ ನಡುವೆ ಏನಿದೆ ಎಂಬುದು ಬದಲಾಗಬಾರದು.

ಈಗ ಕಾದಂಬರಿಗೆ ಬರೋಣ. ಇದನ್ನು ಬರೆಯುವಾಗ ದಾಸ್ತೋವ್‌ಸ್ಕಿ ಸಾಲಗಾರರಿಗೆ ಹೆದರಿ ದೇಶ ಬಿಟ್ಟಿದ್ದರು. ಜಿನೀವಾ, ವೆವೆ, ಮಿಲಾನ್, ಫ್ಲಾರೆನ್ಸ್ ಹೀಗೆ ಊರಿಂದೂರಿಗೆ ಹೋಗುತ್ತಾ, ಜೂಜಿನಲ್ಲಿ ಕಳೆಯುತ್ತಾ, ಕಂತುಕಂತಾಗಿ ಬರೆದು ‘ರೂಸ್ಕಿ ವೆಸ್ತ್‌ನಿಕ್’ ಪತ್ರಿಕೆಗೆ ಕಳಿಸುತ್ತಿದ್ದರು. 1868ರಲ್ಲಿ ಜಿನೀವಾದಲ್ಲಿ ಅವರ ಮೊದಲ ಮಗು ಸೋನ್ಯ ಮೂರು ತಿಂಗಳಿಗೇ ತೀರಿಕೊಂಡಿತು. ಅದಕ್ಕೂ ಸುಮಾರು 19 ವರ್ಷ ಹಿಂದೆ, 1849ರ ಡಿಸೆಂಬರಿನಲ್ಲಿ, ಅವರನ್ನು ಪೀಟರ್ಸ್‌ಬರ್ಗಿನ ಚೌಕವೊಂದರಲ್ಲಿ ಗುಂಡಿಕ್ಕಿ ಕೊಲ್ಲಲು ನಿಲ್ಲಿಸಿ, ಕೊನೆಯ ಗಳಿಗೆಯಲ್ಲಿ ಶಿಕ್ಷೆ ಇಳಿಸಿ ಸೈಬೀರಿಯಕ್ಕೆ ಅಟ್ಟಿದ್ದರು. ಸಾಯಲು ಇನ್ನು ಐದೇ ನಿಮಿಷ ಉಳಿದಿದೆ ಎಂದು ತಿಳಿದ ಮನುಷ್ಯನ ಕಣ್ಣಿಗೆ ಲೋಕ ಹೇಗೆ ಕಾಣುತ್ತದೆ ಎಂಬುದನ್ನು ಈ ಕಾದಂಬರಿಯ ನಾಯಕ ಮಿಷ್ಕಿನ್ ಒಂದು ಮನೆಯ ಹೆಂಗಸರ ಮುಂದೆ ಹೇಳುತ್ತಾನೆ. ಬರೆದವನಿಗೆ ಅದು ಕಲ್ಪನೆಯಾಗಿರಲಿಲ್ಲ.

ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೂರ್ಛೆರೋಗಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಚಿಕಿತ್ಸೆ ಪಡೆದು ಪ್ರಿನ್ಸ್ ಮಿಷ್ಕಿನ್ ರಷ್ಯಕ್ಕೆ ಮರಳುತ್ತಾನೆ. ಕೈಯಲ್ಲೊಂದು ಗಂಟು, ಬೇರೇನೂ ಇಲ್ಲ. ಸುಳ್ಳು ಹೇಳಲು ಬಾರದವನು, ಯಾರ ನೋವನ್ನು ಕಂಡರೂ ತನ್ನದೆಂದುಕೊಳ್ಳುವವನು. ರೈಲಿನಲ್ಲಿ ವ್ಯಾಪಾರಿಯ ಮಗ ರೊಗೋಜಿನ್ ಪರಿಚಯವಾಗುತ್ತಾನೆ. ಅವನಿಗೆ ನಸ್ತಾಸ್ಯ ಫಿಲಿಪೊವ್ನ ಎಂಬ ಹೆಣ್ಣಿನ ಹುಚ್ಚು. ಅನಾಥೆಯಾಗಿದ್ದ ಅವಳನ್ನು ತೊತ್ಸ್ಕಿ ಎಂಬ ಧನಿಕ ಸಾಕಿ, ಹರೆಯಕ್ಕೆ ಬರುತ್ತಿದ್ದಂತೆ ತನ್ನ ಭೋಗಕ್ಕೆ ಇಟ್ಟುಕೊಂಡವನು. ಈಗ ತಾನು ಗೌರವಸ್ಥರ ಮನೆಯ ಅಳಿಯನಾಗಬೇಕೆಂದು, 75,000 ರೂಬಲ್ ಕೊಟ್ಟು ಅವಳನ್ನು ಗಾನ್ಯ ಎಂಬ ಗುಮಾಸ್ತನಿಗೆ ಕಟ್ಟಲು ನೋಡುತ್ತಾನೆ. ರೊಗೋಜಿನ್ ಒಂದು ಲಕ್ಷ ತರುತ್ತೇನೆ ಎನ್ನುತ್ತಾನೆ. ಮಿಷ್ಕಿನ್ ನಾನು ಮದುವೆಯಾಗುತ್ತೇನೆ, ನೀನು ನಿರ್ದೋಷಿ ಎನ್ನುತ್ತಾನೆ. ಜೀವನದಲ್ಲಿ ಮೊದಲ ಸಲ ಈ ಮಾತು ಕೇಳಿದ ಅವಳಿಗೆ ಅದನ್ನು ನಂಬಲೂ ಆಗುವುದಿಲ್ಲ, ಮರೆಯಲೂ ಆಗುವುದಿಲ್ಲ. ಅವಳು ರೊಗೋಜಿನ್ನನ ಕೈಯಲ್ಲಿ ಕೊಲೆಯಾಗುವುದರಲ್ಲಿ ಕಥೆ ಮುಗಿಯುತ್ತದೆ. ಆ ರಾತ್ರಿ ಕೊಂದವನೂ, ಕಾಪಾಡಲಾಗದವನೂ ಹೆಣದ ಪಕ್ಕದಲ್ಲೇ ಮಲಗಿ ಬೆಳಗು ಮಾಡುತ್ತಾರೆ. ಬೆಳಿಗ್ಗೆ ಜನ ಬಂದು ನೋಡುವಾಗ ಮಿಷ್ಕಿನ್ನನಿಗೆ ಮತ್ತೆ ಬುದ್ಧಿಭ್ರಮಣೆಯಾಗಿದೆ.

ಸಿನಿಮಾದವರಿಗೆ ಈ ಕಾದಂಬರಿಯಲ್ಲಿ ಹೊರಗಿನ ನೋಟ ಹೆಚ್ಚು ಸಿಕ್ಕುವುದಿಲ್ಲ. ಟಾಲ್‌ಸ್ಟಾಯ್ ಅವರಲ್ಲಿ ಬೇಟೆಯಿದೆ, ಹುಲ್ಲುಗಾವಲಿದೆ, ಕುದುರೆ ಪಂದ್ಯವಿದೆ, ಯುದ್ಧವಿದೆ. ದಾಸ್ತೋವ್‌ಸ್ಕಿಯಲ್ಲಿ ಇರುವುದು ಕೋಣೆಗಳು. ಆ ಕೋಣೆಗಳಿಗೆ ಕರೆಯದವರೂ ಬರುತ್ತಾರೆ, ಬಂದವರು ಹೋಗುವುದಿಲ್ಲ. ನಮ್ಮ ಹಳ್ಳಿಯ ಒಟ್ಟುಕುಟುಂಬದಲ್ಲಿ ಪಾಲು ಮಾಡುವ ದಿನ ನೆನೆಸಿಕೊಳ್ಳಿ: ಪಂಚರು ಕೂತಿರುತ್ತಾರೆ, ನೆಂಟರು ಬಾಗಿಲಲ್ಲಿ ನಿಂತಿರುತ್ತಾರೆ, 20 ವರ್ಷ ಯಾರೂ ಆಡದಿದ್ದ ಮಾತು ಎಲ್ಲರ ಎದುರಿಗೆ ಹೊರಬೀಳುತ್ತದೆ. ದಾಸ್ತೋವ್‌ಸ್ಕಿಯ ಪ್ರತಿಯೊಂದು ದೊಡ್ಡ ಸನ್ನಿವೇಶವೂ ಅಂಥ ದಿನವೇ. ಗುಟ್ಟು ಅಲ್ಲಿ ಗುಂಪಿನ ಮುಂದೆಯೇ ಒಡೆಯಬೇಕು. ಆದ್ದರಿಂದ ಅವರನ್ನು ತೆರೆಗೆ ತರುವವನು ಮೊದಲು ಉತ್ತರ ಕೊಡಬೇಕಾದ ಪ್ರಶ್ನೆ ಇದು: ಈ ಕೋಣೆಯಲ್ಲಿ ಕ್ಯಾಮೆರಾ ಎಲ್ಲಿ ನಿಲ್ಲಬೇಕು?

ಕಾದಂಬರಿಯ ಮೊದಲ ಭಾಗದ ಕೊನೆಯಲ್ಲಿ ನಸ್ತಾಸ್ಯಳ ಹುಟ್ಟುಹಬ್ಬದ ರಾತ್ರಿ ಬರುತ್ತದೆ. ರೊಗೋಜಿನ್ ಒಂದು ಲಕ್ಷ ರೂಬಲ್ಲನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ ತಂದು ಮೇಜಿನ ಮೇಲಿಡುತ್ತಾನೆ. ಅವಳು ಆ ಗಂಟನ್ನು ಎತ್ತಿ ಉರಿಯುವ ಅಗ್ಗಿಷ್ಟಿಕೆಗೆ ಎಸೆಯುತ್ತಾಳೆ. ಗಾನ್ಯನ ಕಡೆ ತಿರುಗಿ, ಬರಿಗೈಯಲ್ಲಿ ಬೆಂಕಿಯಿಂದ ತೆಗೆದರೆ ಅಷ್ಟೂ ನಿನ್ನದೇ ಎನ್ನುತ್ತಾಳೆ. ಸುತ್ತ ಇದ್ದವರಲ್ಲಿ ಒಬ್ಬ ಮೊಣಕಾಲೂರಿ ಬೇಡುತ್ತಾನೆ, ಇನ್ನೊಬ್ಬ ಹಲ್ಲಿನಿಂದಲಾದರೂ ತೆಗೆಯುತ್ತೇನೆ ಎನ್ನುತ್ತಾನೆ. ಗಾನ್ಯ ನಿಂತೇ ಇರುತ್ತಾನೆ, ಕೊನೆಗೆ ತಿರುಗಿ ಬಾಗಿಲ ಕಡೆ ನಡೆದು ಮೂರ್ಛೆ ಬೀಳುತ್ತಾನೆ. ಅವಳು ಇಕ್ಕಳದಿಂದ ಗಂಟನ್ನು ಈಚೆಗೆಳೆದು ಅವನ ಪಕ್ಕದಲ್ಲಿಟ್ಟು, ರೊಗೋಜಿನ್ನನ ಗುಂಪಿನ ಜತೆ ಹೊರಟುಹೋಗುತ್ತಾಳೆ. ತನ್ನನ್ನು ಹರಾಜಿಗಿಟ್ಟ ಗಂಡಸರ ಎದುರಿಗೆ ಅವರೆಲ್ಲರ ಬೆಲೆಯನ್ನು ಅವಳು ತೂಗಿ ತೋರಿಸಿದ ದೃಶ್ಯ ಇದು. ಈ ಸನ್ನಿವೇಶವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಂಡಿರಿ.

ಪಿರಿಯೆವ್ ಅವರ ಸೋವಿಯತ್ ಚಿತ್ರ ಇಲ್ಲಿಗೇ ನಿಂತಿತು. ಯೂರಿ ಯಾಕೊವ್ಲೆವ್ ಮಿಷ್ಕಿನ್, ಯೂಲಿಯಾ ಬೊರಿಸೊವಾ ನಸ್ತಾಸ್ಯ. ಮೊದಲ ಭಾಗವನ್ನಷ್ಟೇ ತೆಗೆದರು, ಎರಡನೆಯದು ಬರಲೇ ಇಲ್ಲ. ಬಣ್ಣ, ಅಲಂಕಾರ, ನಾಟಕೀಯತೆ ತುಂಬಿದ ಚಿತ್ರ. ಯಾಕೊವ್ಲೆವ್ ಅವರ ಕಣ್ಣು ಮರೆಯುವಂಥದ್ದಲ್ಲ. ಆದರೆ ಬೆಂಕಿಯ ಕೋಣೆಯಲ್ಲಿ ನಿಂತುಹೋದ ಚಿತ್ರಕ್ಕೆ ಹೆಣದ ಕೋಣೆಯವರೆಗೆ ಹೋಗಲಾಗಲಿಲ್ಲ. ಮೊದಲ ಕೋಣೆಯಲ್ಲಿ ಹೆಣ್ಣು ಗೆದ್ದಂತೆ ಕಾಣುತ್ತಾಳೆ; ಎರಡನೆಯದರಲ್ಲಿ ಆ ಗೆಲುವಿಗೆ ಅವಳು ತೆತ್ತ ಬೆಲೆ ಇದೆ. ಒಂದನ್ನು ತೋರಿಸಿ ಇನ್ನೊಂದನ್ನು ಬಿಟ್ಟರೆ ಕಾದಂಬರಿ ಅರ್ಧವೂ ಆಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಕುರೊಸಾವಾ ಈ ಕಾದಂಬರಿಯನ್ನು ಹರೆಯದಿಂದ ಓದಿಕೊಂಡು ಬಂದವರು. ‘ರಶೋಮನ್’ ಮುಗಿಸಿದ ಮೇಲೆ ಶೊಚಿಕು ಸಂಸ್ಥೆಗಾಗಿ ಇದನ್ನು ಕೈಗೆತ್ತಿಕೊಂಡರು. ಕಥೆಯನ್ನು ಯುದ್ಧಾನಂತರದ ಜಪಾನಿಗೆ, ಅಲ್ಲಿಯೂ ಹಿಮ ಮುಚ್ಚಿದ ಉತ್ತರದ ಹೊಕ್ಕೈಡೊ ದ್ವೀಪದ ಸಪ್ಪೊರೊ ನಗರಕ್ಕೆ ತಂದರು. ಅವರ ಮಿಷ್ಕಿನ್ನನ ಹೆಸರು ಕಮೆಡ. ಅವನು ಬರುವುದು ಒಕಿನಾವಾದಿಂದ. ಅಲ್ಲಿ ಅವನನ್ನು ಯುದ್ಧಾಪರಾಧಿ ಎಂದು ತಪ್ಪಾಗಿ ಗುರುತಿಸಿ ಗುಂಡಿಕ್ಕಲು ನಿಲ್ಲಿಸಿರುತ್ತಾರೆ, ಕಡೆಯ ಗಳಿಗೆಯಲ್ಲಿ ಬಿಟ್ಟುಬಿಡುತ್ತಾರೆ; ಆ ಆಘಾತದಿಂದಲೇ ಅವನಿಗೆ ರೋಗ. ಗಮನಿಸಿ: ಕಾದಂಬರಿಯಲ್ಲಿ ಮಿಷ್ಕಿನ್ ಬೇರೊಬ್ಬನ ಅನುಭವವಾಗಿ ಹೇಳುವುದನ್ನು ಕುರೊಸಾವಾ ನಾಯಕನ ಸ್ವಂತ ಅನುಭವವಾಗಿಸಿದರು. ಲೇಖಕನ ಬದುಕನ್ನು ಪಾತ್ರದ ಬದುಕಿಗೆ ಸೇರಿಸಿದರು. 1951ರ ಜಪಾನೀ ಪ್ರೇಕ್ಷಕನಿಗೆ ಸ್ವಿಸ್ ಆಸ್ಪತ್ರೆಯಿಂದ ಏನೂ ತಿಳಿಯುತ್ತಿರಲಿಲ್ಲ. ಒಕಿನಾವಾ ಎಂದೊಡನೆ ಎಲ್ಲವೂ ತಿಳಿಯಿತು. ಲೇಪಾಕ್ಷಿಯ ಕುಲಾವಿ ಅಂದರೆ ಇದೇ.

ಮಸಾಯುಕಿ ಮೊರಿ ಕಮೆಡನಾಗಿ, ತೊಶಿರೊ ಮಿಫುನೆ ರೊಗೋಜಿನ್ನನ ಜಾಗದ ಅಕಾಮನಾಗಿ, ಸೆತ್ಸುಕೊ ಹಾರಾ ನಸ್ತಾಸ್ಯಳ ಜಾಗದ ತಾಯೆಕೊ ನಾಸುವಾಗಿ ನಟಿಸಿದರು. ಚಿತ್ರದ ಆರಂಭದಲ್ಲೊಂದು ನೋಟವಿದೆ. ಛಾಯಾಚಿತ್ರದ ಅಂಗಡಿಯ ಕಿಟಕಿಯಲ್ಲಿ ತಾಯೆಕೊಳ ದೊಡ್ಡ ಪಟ. ಹೊರಗೆ ಹಿಮ ಬೀಳುತ್ತಿದೆ. ನಿಂತು ನೋಡುವ ಇಬ್ಬರು ಗಂಡಸರ ಮುಖಗಳು ಗಾಜಿನ ಮೇಲೆ ಅವಳ ಮುಖದ ಎರಡೂ ಪಕ್ಕಕ್ಕೆ ಮೂಡುತ್ತವೆ. ಒಂದು ಮಾತಿಲ್ಲದೆ ಮೂವರ ಹಣೆಬರಹವೂ ಅಲ್ಲಿದೆ. ಕಾದಂಬರಿ ಇದನ್ನು ಹೇಳಲು ಹತ್ತಾರು ಪುಟ ತೆಗೆದುಕೊಳ್ಳುತ್ತದೆ. ಒಂದೇ ಚೌಕಟ್ಟಿನಲ್ಲಿ ಹೇಳುವ ಶಕ್ತಿ ಸಿನಿಮಾಕ್ಕಿದೆ ಎಂಬುದಕ್ಕೆ ನನ್ನ ಕೈಯಲ್ಲಿರುವ ಅತ್ಯುತ್ತಮ ಸಾಕ್ಷಿ ಈ ನೋಟ.

ರೂಬಲ್ಲಿನ ಗಂಟು ಇಲ್ಲಿ ಹತ್ತು ಲಕ್ಷ ಯೆನ್ನಿನ ಗಂಟಾಗುತ್ತದೆ. ಕಪ್ಪು ನಿಲುವಂಗಿ ತೊಟ್ಟ ಸೆತ್ಸುಕೊ ಹಾರಾ ಅದನ್ನು ಬೆಂಕಿಗೆ ಹಾಕುವಾಗ ಕ್ಯಾಮೆರಾ ಗುಂಪಿನ ಮುಖಗಳನ್ನು ಬಿಡುವುದಿಲ್ಲ. ಜಪಾನಿನ ಇನ್ನೊಬ್ಬ ನಿರ್ದೇಶಕ ಓಜು ಅವರ ಚಿತ್ರಗಳಲ್ಲಿ ಶಾಂತವಾಗಿ ನಗುವ ಮಗಳಾಗಿ ಅವರನ್ನು ಕಂಡವರಿಗೆ ಇಲ್ಲಿನ ಅವರ ಕಣ್ಣು ಬೆಚ್ಚಿಬೀಳಿಸುತ್ತದೆ. ಕೊನೆಯ ಕೋಣೆಯಂತೂ ಇನ್ನೂ ಗಾಢ. ಕಾದಂಬರಿಯಲ್ಲಿ ಆ ರಾತ್ರಿ ಬೇಸಗೆಯದು. ಹೆಣ ವಾಸನೆ ಬಂದೀತೆಂದು ರೊಗೋಜಿನ್ ಅದಕ್ಕೆ ಮೇಣಗಪ್ಪಡ ಹೊದಿಸಿ, ಔಷಧದ ಸೀಸೆಗಳ ಬಿರಡೆ ತೆಗೆದು ಇಟ್ಟಿರುತ್ತಾನೆ. ಎಲ್ಲಿಂದಲೋ ಒಂದು ನೊಣ ಹಾರಿ ಬಂದು ಮಂಚದ ತಲೆಯ ಬಳಿ ಸುಮ್ಮನಾಗುತ್ತದೆ. ಕುರೊಸಾವಾ ಇದೆಲ್ಲವನ್ನೂ ಚಳಿಗಾಲಕ್ಕೆ ತಿರುಗಿಸಿದರು. ಮೇಣದ ಬತ್ತಿಯ ಬೆಳಕು, ಕಂಬಳಿ ಹೊದ್ದು ಒಬ್ಬರನ್ನೊಬ್ಬರು ಅವುಚಿಕೊಂಡು ನಡುಗುವ ಇಬ್ಬರು ಗಂಡಸರು. ಅವಳ ಹೆಣವನ್ನು ಅವರು ನಮಗೆ ತೋರಿಸುವುದೇ ಇಲ್ಲ ಎಂಬಷ್ಟು ಸಂಯಮ. ಮೂಲದ ಬೇಸಗೆ ಹೋಯಿತು, ನೊಣ ಹೋಯಿತು. ಕೊಂದವನು ಮತ್ತು ಕ್ಷಮಿಸಿದವನು ಒಂದೇ ಕಂಬಳಿಯಡಿ ಕೂತದ್ದು ಉಳಿಯಿತು. ನನ್ನ ಮಟ್ಟಿಗೆ ಇದು ಪೂರ್ಣ ನಿಷ್ಠೆ.

ಈ ಚಿತ್ರಕ್ಕೆ ಆದ ಅನ್ಯಾಯವನ್ನೂ ಹೇಳಬೇಕು. ಕುರೊಸಾವಾ ಸಿದ್ಧಪಡಿಸಿದ್ದು 265 ನಿಮಿಷದ ಚಿತ್ರ. ಸಂಸ್ಥೆ ಅದನ್ನು 166 ನಿಮಿಷಕ್ಕೆ ಕತ್ತರಿಸಿತು. ಕತ್ತರಿಸಲೇಬೇಕೆಂದಿದ್ದರೆ ಸುರುಳಿಯನ್ನು ಉದ್ದಕ್ಕೆ ಸೀಳಿಬಿಡಿ ಎಂದು ಅವರು ನೊಂದು ಹೇಳಿದರೆಂಬುದು ಪ್ರಸಿದ್ಧ. ಕಳೆದುಹೋದ ಭಾಗ ಮತ್ತೆ ಸಿಕ್ಕಿಲ್ಲ. ಉಳಿದ ಚಿತ್ರದಲ್ಲಿ ಕಥೆ ಅಲ್ಲಲ್ಲಿ ಎಗರುತ್ತದೆ, ಬರಹದ ಫಲಕಗಳು ಬಂದು ತೇಪೆ ಹಾಕುತ್ತವೆ. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು, ಮುಂದೆ ಸಿಗಬೇಕಿದ್ದ ಚಿತ್ರವೂ ಕೈತಪ್ಪಿತು. ಆ ಬೇಸರದಲ್ಲಿ ಕುರೊಸಾವಾ ತಮಾ ನದಿಗೆ ಮೀನು ಹಿಡಿಯಲು ಹೋದರು. ಗಾಳದ ದಾರವೂ ತುಂಡಾಯಿತು. ಮನೆಗೆ ಬಂದರೆ ಹೆಂಡತಿ ಅಭಿನಂದನೆ ಹೇಳಿದರು: ‘ರಶೋಮನ್’ ವೆನಿಸ್ಸಿನಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದಿತ್ತು. ಇದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಲೋಕವೆಲ್ಲ ‘ರಶೋಮನ್’ ಕೊಂಡಾಡಿತು, ‘ಈಡಿಯಟ್’ ಗಾಯಗೊಂಡೇ ಉಳಿಯಿತು. ಗಾಯಗೊಂಡ ಆ ಚಿತ್ರವೇ ನನಗೆ ಹೆಚ್ಚು ಪ್ರಿಯ.

ನಮ್ಮ ದೇಶಕ್ಕೆ ಬರುತ್ತೇನೆ. ಮಣಿ ಕೌಲ್ ಜೋಧಪುರದಲ್ಲಿ ಹುಟ್ಟಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಋತ್ವಿಕ್ ಘಟಕರ ಶಿಷ್ಯರಾಗಿ, ‘ಉಸ್ಕಿ ರೋಟಿ’, ‘ದುವಿಧಾ’ ಮಾಡಿದವರು. ದಾಸ್ತೋವ್‌ಸ್ಕಿಯ ‘ವಿನೀತೆ’ ಎಂಬ ನೀಳ್ಗತೆಯಿಂದ ‘ನಜರ್’ ತೆಗೆದರು. ಅದರ ಬೆನ್ನಿಗೇ ‘ಈಡಿಯಟ್’. ದೂರದರ್ಶನಕ್ಕಾಗಿ ನಾಲ್ಕು ಕಂತುಗಳಲ್ಲಿ ಮಾಡಿದ್ದು, ಚಲನಚಿತ್ರವಾಗಿಯೂ ರೂಪ ಪಡೆಯಿತು. ಅಯೂಬ್ ಖಾನ್ ದಿನ್ ಮಿಷ್ಕಿನ್ನನ ಪಾತ್ರದಲ್ಲಿ, ಮೀತಾ ವಸಿಷ್ಠ ನಸ್ತಾಸ್ಯಳಾಗಿ. ರಘುಜನ್ ಎಂದು ಹೆಸರು ಬದಲಿಸಿಕೊಂಡ ರೊಗೋಜಿನ್ ಆಗಿ ಶಾರುಖ್ ಖಾನ್. ಅವರು ಇನ್ನೂ ಹೆಸರು ಮಾಡುವ ಮುಂಚಿನ ಕೆಲಸ. ಕಥೆ ನಡೆಯುವುದು ಮುಂಬಯಿ, ಗೋವಾಗಳಲ್ಲಿ. 1993ರ ಫಿಲ್ಮ್‌ಫೇರ್ ವಿಮರ್ಶಕರ ಪ್ರಶಸ್ತಿ ಇದಕ್ಕೆ ಬಂತು.

ಕೌಲ್ ಕುರೊಸಾವಾ ಹಿಡಿದ ದಾರಿಗೆ ತದ್ವಿರುದ್ಧ ದಾರಿ ಹಿಡಿದರು. ಊರು ಬದಲಾಯಿತು, ಮಾತು ಬದಲಾಗಲಿಲ್ಲ. ಕಾದಂಬರಿಯ ಸಂಭಾಷಣೆಗಳು ಬಹುಮಟ್ಟಿಗೆ ಹಾಗೆಯೇ ಹಿಂದಿಗೆ ಬಂದವು. ಜನ ಒಳಗೆ ಬರುತ್ತಲೇ ಇರುತ್ತಾರೆ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಾರೆ. ಯಾರು ಯಾರಿಗೆ ಏನಾಗಬೇಕು ಎಂದು ಚಿತ್ರ ವಿವರಿಸುತ್ತಾ ನಿಲ್ಲುವುದಿಲ್ಲ. ಕಾದಂಬರಿ ಓದದವರಿಗೆ ಮೊದಲ ಅರ್ಧ ಗಂಟೆ ಕಷ್ಟವೇ. ಅದು ಚಿತ್ರದ ಕೊರತೆ ಎಂದು ನಾನು ಒಪ್ಪುತ್ತೇನೆ. ಆದರೆ ಕೋಣೆಯೊಳಗಿನ ಉಸಿರುಗಟ್ಟುವಿಕೆ, ಹಣವಂತರ ಮನೆಯ ಹಜಾರದಲ್ಲಿ ಎಲ್ಲರೂ ಎಲ್ಲರಿಗೂ ಕೇಳುವಂತೆ ಅವಮಾನ ಮಾಡುವ ಆ ರೀತಿ, ಕೌಲ್ ಅವರಷ್ಟು ಯಾರೂ ಹಿಡಿದಿಲ್ಲ. ಕುರೊಸಾವಾ ಮುಖಗಳನ್ನು ನೋಡಿದರು. ಕೌಲ್ ಮುಖಗಳ ನಡುವಣ ಜಾಗವನ್ನು ನೋಡಿದರು.

ಕೌಲ್ ಅವರಿಗಿಂತ ಮೂರು ದಶಕ ಹಿಂದೆ ಬೊಂಬಾಯಿಯ ಜನಪ್ರಿಯ ಚಿತ್ರರಂಗವೂ ದಾಸ್ತೋವ್‌ಸ್ಕಿಯನ್ನು ಮುಟ್ಟಿತ್ತು. 1958ರ ‘ಫಿರ್ ಸುಬಹ್ ಹೋಗಿ’. ರಮೇಶ್ ಸೈಗಲ್ ನಿರ್ದೇಶನ, ರಾಜ್ ಕಪೂರ್ ಮತ್ತು ಮಾಲಾ ಸಿನ್ಹಾ ಅಭಿನಯ, ‘ಅಪರಾಧ ಮತ್ತು ಶಿಕ್ಷೆ’ ಆಧಾರ. ಕಾದಂಬರಿಯನ್ನು ಓದಿ ಅರಿತ ಸಂಗೀತಗಾರನೇ ಬೇಕೆಂದು ಗೀತರಚನೆಕಾರ ಸಾಹಿರ್ ಲುಧಿಯಾನ್ವಿ ಹಟ ಹಿಡಿದು ಖಯ್ಯಾಂ ಅವರನ್ನು ತಂದರೆಂದು ಹೇಳುತ್ತಾರೆ. ಹಾಡುಗಳನ್ನು ಕೇಳಿದರೆ ನಂಬಿಕೆ ಬರುತ್ತದೆ. ಮೂಲದ ನಾಯಕ ರಸ್ಕೋಲ್ನಿಕೊವ್ ಹಸಿವಿನಿಂದಷ್ಟೇ ಕೊಲ್ಲುವವನಲ್ಲ. ಅಸಾಮಾನ್ಯನಿಗೆ ಕೊಲ್ಲುವ ಹಕ್ಕಿದೆ ಎಂಬ ಸಿದ್ಧಾಂತದಿಂದ ಕೊಲ್ಲುವವನು. ಹಿಂದಿ ಚಿತ್ರ ಆ ಸಿದ್ಧಾಂತವನ್ನು ಸಡಿಲಿಸಿ ಬಡತನವನ್ನು ಮುಂದಕ್ಕೆ ತಂದಿತು. ಪಾಪದ ಪ್ರಶ್ನೆ ವ್ಯವಸ್ಥೆಯ ಪ್ರಶ್ನೆಯಾಯಿತು. ಇದರಿಂದ ಮೂಲ ತೆಳುವಾಯಿತು ಎಂದು ನನಗನ್ನಿಸುತ್ತದೆ. ಆದರೂ ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷವಾದರೂ ಪಾದಚಾರಿ ದಾರಿಯಲ್ಲಿ ಮಲಗುತ್ತಿದ್ದ ಜನರ ಪರವಾಗಿ ಅಷ್ಟು ದಿಟ್ಟವಾಗಿ ಹಾಡಿದ ಚಿತ್ರವನ್ನು ನಾನು ಹಗುರವಾಗಿ ಕಾಣಲಾರೆ.

ದಾಸ್ತೋವ್‌ಸ್ಕಿಯ ಮಾತಿನ ನಡುವೆ, ಟಾಲ್‌ಸ್ಟಾಯ್ ಕಾದಂಬರಿಯಿಂದ ಬಂದ ಸರ್ಗೇಯ್ ಬೊಂದರ್‌ಚುಕ್ ಅವರ ‘ಯುದ್ಧ ಮತ್ತು ಶಾಂತಿ’ಯ ಬಗ್ಗೆ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾಲ್ಕು ಭಾಗ, ಏಳು ಗಂಟೆಗೂ ಮಿಕ್ಕ ಚಿತ್ರ, ಸಾವಿರಾರು ಸೈನಿಕರು, ವಸ್ತುಸಂಗ್ರಹಾಲಯಗಳಿಂದ ತಂದ ಸಾಮಾನು, 1969ರಲ್ಲಿ ಆಸ್ಕರ್. ಬೊರೊದಿನೊ ಕದನದ ದೃಶ್ಯ ಬೆರಗು ಹುಟ್ಟಿಸುತ್ತದೆ. ನನಗೆ ಹೆಚ್ಚು ಉಳಿದದ್ದು ಲ್ಯುದ್ಮಿಲಾ ಸವೆಲ್ಯೆವಾ ನತಾಶಾ ಆಗಿ ಮೊದಲ ನೃತ್ಯಕೂಟದಲ್ಲಿ ಯಾರಾದರೂ ಕರೆಯುತ್ತಾರೇನೋ ಎಂದು ಗೋಡೆಯ ಪಕ್ಕ ನಿಂತು ಕಾಯುವ ಮುಖ. ಅಷ್ಟು ದೊಡ್ಡ ಸೈನ್ಯದ ನಡುವೆ ಗೆದ್ದದ್ದು ಆ ಒಂದು ಮುಖ.

ಈಗ ನಾನು ಆರಂಭದಲ್ಲಿ ಹೇಳಿದ ಕನ್ನಡ ಚಿತ್ರ. 1970ರ ‘ಸಂಸ್ಕಾರ’.

ಲೇಖಕ ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಬರ್ಗ್‌ಮನ್ನರ ‘ಸೆವೆಂತ್ ಸೀಲ್’ ಚಿತ್ರವನ್ನು ಉಪಶೀರ್ಷಿಕೆಯಿಲ್ಲದೆ ನೋಡಿ, ಆ ಪ್ರೇರಣೆಯಿಂದ ಈ ಚಿತ್ರಕ್ಕೆ ಮೂಲವಾದ ಅದೇ ಹೆಸರಿನ ಕಾದಂಬರಿ ಬರೆದದ್ದನ್ನು ಅವರೇ ಅನೇಕ ಸಲ ಹೇಳಿದ್ದಾರೆ. 1965ರಲ್ಲಿ ಪ್ರಕಟವಾಯಿತು. ಅಂದರೆ ಒಂದು ಸಿನಿಮಾದಿಂದ ಹುಟ್ಟಿದ ಕಾದಂಬರಿ ಐದು ವರ್ಷಕ್ಕೆ ಮತ್ತೆ ಸಿನಿಮಾ ಆಯಿತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನು, ಮಕ್ಕಳಿಲ್ಲ. ಅವನ ಸಂಸ್ಕಾರ ಯಾರು ಮಾಡಬೇಕು? ಹೆಣ ತೆಗೆಯುವವರೆಗೆ ಯಾರೂ ಊಟ ಮಾಡುವಂತಿಲ್ಲ. ಬ್ರಾಹ್ಮಣರೆಲ್ಲ ಅಗ್ರಹಾರದ ಗೌರವಾನ್ವಿತ ಪಂಡಿತರಾದ ಪ್ರಾಣೇಶಾಚಾರ್ಯರ ಜಗಲಿಯಲ್ಲಿ ಸೇರಿ ವಾದ ಮಾಡುತ್ತಾರೆ, ಯಾರಿಗೂ ಬೇಡವಾದ ಕೆಲಸ. ಆಗ ನಾರಣಪ್ಪನ ಜತೆಗಿದ್ದ ಚಂದ್ರಿ ಎಂಬ ಹೆಣ್ಣು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಎದುರಿಗಿಡುತ್ತಾಳೆ, ಸಂಸ್ಕಾರದ ಖರ್ಚಿಗೆ. ಒಂದು ಗಳಿಗೆಯ ಹಿಂದೆ ಮುಟ್ಟಲೊಲ್ಲದವರ ಕಣ್ಣಲ್ಲಿ ಈಗ ಆಸೆ. ಮನೆಮನೆಯಲ್ಲಿ ಹೆಂಡಂದಿರು ಗಂಡಂದಿರನ್ನು ಚುಚ್ಚತೊಡಗುತ್ತಾರೆ.

ನಸ್ತಾಸ್ಯ ಬೆಂಕಿಗೆ ಎಸೆದ ಗಂಟು, ಚಂದ್ರಿ ಜಗಲಿಯ ಮೇಲಿಟ್ಟ ಗಂಟು. ಇಬ್ಬರೂ ಊರು ಮನೆಯೊಳಗೆ ಸೇರಿಸದ ಹೆಂಗಸರು. ಒಬ್ಬಳು ಹಣವನ್ನು, ಇನ್ನೊಬ್ಬಳು ಬಂಗಾರವನ್ನು ಗಂಡಸರ ಎದುರಿಗಿಟ್ಟಳು, ಇಟ್ಟೊಡನೆ ಗೌರವಸ್ಥರ ಒಳಗು ಹೊರಬಿತ್ತು. ವ್ಯತ್ಯಾಸವೂ ದೊಡ್ಡದು: ನಸ್ತಾಸ್ಯ ಪರೀಕ್ಷಿಸಲೆಂದೇ ಎಸೆದಳು, ಚಂದ್ರಿಗೆ ಆ ಉದ್ದೇಶ ಕಿಂಚಿತ್ತೂ ಇರಲಿಲ್ಲ, ಸತ್ತವನಿಗೆ ಒಂದು ಬೆಂಕಿ ಸಿಗಲಿ ಎಂಬುದಷ್ಟೇ ಅವಳ ಆಸೆ. ಅದಕ್ಕೇ ನನಗೆ ಚಂದ್ರಿ ನಸ್ತಾಸ್ಯಳಿಗಿಂತ ಒಂದು ಕೈ ಮೇಲು. ‘ಈಡಿಯಟ್’ ಹೆಣದ ಪಕ್ಕದಲ್ಲಿ ಮುಗಿಯುತ್ತದೆ, ‘ಸಂಸ್ಕಾರ’ ಹೆಣದ ಪಕ್ಕದಲ್ಲಿ ಆರಂಭವಾಗುತ್ತದೆ. ಒಂದರಲ್ಲಿ ಒಳ್ಳೆಯವನೊಬ್ಬನ ಒಳ್ಳೆಯತನ ಯಾರನ್ನೂ ಉಳಿಸಲಾರದೆ ಹುಚ್ಚಾಗುತ್ತದೆ. ಇನ್ನೊಂದರಲ್ಲಿ ಒಳ್ಳೆಯವನೆಂದು ಹೆಸರಾದವನು ತನ್ನ ಒಳ್ಳೆಯತನವನ್ನೇ ಪ್ರಶ್ನಿಸುತ್ತಾ ಊರು ಬಿಟ್ಟು ಅಲೆಯುತ್ತಾನೆ.

ಈ ಚಿತ್ರವನ್ನು ಮಾಡಿದವರು ಯಾರೆಂದು ಈ ಊರಿನಲ್ಲಿ ಎತ್ತಿ ಹೇಳಬೇಕು. ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ತೆಲುಗು ಕವಿ. 1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಎಂಬ ಸಂಕಲನದಿಂದ ತೆಲುಗು ಕಾವ್ಯವನ್ನು ಬೆಚ್ಚಿಬೀಳಿಸಿದವರು. ಅವರು ಕನ್ನಡದ ಕಾದಂಬರಿಯನ್ನು ಎತ್ತಿಕೊಂಡರು. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದರು, ಪಿ. ಲಂಕೇಶ್ ನಾರಣಪ್ಪನಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಆಸ್ಟ್ರೇಲಿಯದ ಟಾಮ್ ಕೊವನ್ ಕ್ಯಾಮೆರಾ ಹಿಡಿದರು, ರಾಜೀವ ತಾರಾನಾಥರು ಸಂಗೀತ ಕೊಟ್ಟರು. ಶೃಂಗೇರಿಯ ಹತ್ತಿರದ ವೈಕುಂಠಪುರದ ನಿಜವಾದ ಅಗ್ರಹಾರದಲ್ಲಿ ಚಿತ್ರೀಕರಣ. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಯಿತು, ಆಮೇಲೆ ತಡೆ ತೆಗೆಯಿತು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಆ ಗೌರವ ಅದೇ ಮೊದಲು. ತುರ್ತುಪರಿಸ್ಥಿತಿಯಲ್ಲಿ ಸ್ನೇಹಲತಾ ಅವರನ್ನು ಬೆಂಗಳೂರಿನ ಜೈಲಿಗೆ ಹಾಕಿದರು. ಅಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಚಂದ್ರಿಯ ಮುಖವನ್ನು ತೆರೆಯ ಮೇಲೆ ನೋಡುವಾಗ ಇದನ್ನು ಮರೆಯಲಾಗುವುದಿಲ್ಲ.

ತೆಲುಗಿನವರು ಕನ್ನಡಕ್ಕೆ ದುಡಿದದ್ದು, ಕನ್ನಡದ ಮನೆಯವರು ತೆಲುಗಿಗೆ ದುಡಿದದ್ದು ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆದರು. ಗಡಿಯ ಓದುಗನಿಗೆ ಎರಡು ಕಣ್ಣಿವೆ. ಬೆಳಿಗ್ಗೆ ಶಾಲೆಯಲ್ಲಿ ಒಂದು ಭಾಷೆ, ಸಂಜೆ ಮನೆಯಲ್ಲಿ ಇನ್ನೊಂದು. ಟಾಕೀಸಿನಲ್ಲಿ ಒಂದರ ಹಾಡು, ಹಬ್ಬದಲ್ಲಿ ಇನ್ನೊಂದರ ಹಾಡು. ಒಂದು ಕಥೆ ಬೇರೆ ಮನೆಗೆ ಹೋದಾಗ ಯಾವುದು ಉಳಿಯಬೇಕು, ಯಾವುದು ಹೋದರೂ ಪರವಾಗಿಲ್ಲ ಎಂಬುದನ್ನು ಬೆಂಗಳೂರಿನ ಪ್ರೇಕ್ಷಕನಿಗಿಂತ ನೀವು ಚೆನ್ನಾಗಿ ಬಲ್ಲಿರಿ ಎಂಬುದು ನನ್ನ ನಂಬಿಕೆ. ಅದಕ್ಕಾಗಿಯೇ ಈ ವಿಷಯವನ್ನು ಇಲ್ಲಿಗೆ ತಂದೆ.

ಇಂಥ ಚಿತ್ರಗಳನ್ನು ನೋಡಲು ದೊಡ್ಡ ನಗರವೇ ಬೇಕಿಲ್ಲ: ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಕೆ ತೋಟದ ರೈತರಿಗೆ, ಕೂಲಿಗಳಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿದರು. ಅಂದು ಒಂದು ಚಿತ್ರದ ಡಬ್ಬಗಳನ್ನು ತರಿಸಲು ಪಡಬೇಕಾಗಿದ್ದ ಪಾಡು ಇಂದು ಇಲ್ಲ. ಒಂದು ಕೋಣೆ, ಒಂದು ಬಿಳಿ ಗೋಡೆ, ಒಂದು ಪ್ರೊಜೆಕ್ಟರ್ ಸಾಕು. ಟಾಲ್‌ಸ್ಟಾಯ್ ಅವರ ದೊಡ್ಡ ಕಾದಂಬರಿಗಳನ್ನು ದೇಜಗೌ ಕನ್ನಡಕ್ಕೆ ತಂದಿದ್ದಾರೆ, ಗೋರ್ಕಿಯ ‘ತಾಯಿ’ಯನ್ನು ನಿರಂಜನರು ತಂದಿದ್ದಾರೆ. ‘ಯುದ್ಧ ಮತ್ತು ಶಾಂತಿ’, ‘ಅಪರಾಧ ಮತ್ತು ಶಿಕ್ಷೆ’ ಎರಡನ್ನೂ ಓ.ಎಲ್. ನಾಗಭೂಷಣ ಸ್ವಾಮಿಯವರು ಇಂದಿನ ಕನ್ನಡದಲ್ಲಿ ಕೊಟ್ಟಿದ್ದಾರೆ. ಓದಲು ಪುಸ್ತಕವೂ ಇದೆ, ನೋಡಲು ಚಿತ್ರವೂ ಇದೆ.

ಹಿಂದೂಪುರದಲ್ಲಿ ಕನ್ನಡ ಓದುವ, ತೆಲುಗು ಓದುವ ಹತ್ತು ಹದಿನೈದು ಜನ ಸೇರಿ, ತಿಂಗಳಿಗೊಂದು ಭಾನುವಾರ ಒಂದು ಪುಸ್ತಕವನ್ನೂ ಅದರಿಂದ ಬಂದ ಒಂದು ಚಿತ್ರವನ್ನೂ ಜತೆಗಿಟ್ಟು ನೋಡುವ ಕೂಟವನ್ನು ಶುರುಮಾಡಬೇಕೆಂದು ಈ ದತ್ತಿಯ ಹೆಸರಿನಲ್ಲಿ ಕೇಳಿಕೊಳ್ಳುತ್ತೇನೆ. ಕಾಲೇಜಿನ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಮೊದಲ ತಿಂಗಳು ‘ಸಂಸ್ಕಾರ’, ಎರಡನೆಯ ತಿಂಗಳು ಕುರೊಸಾವಾರ ‘ಈಡಿಯಟ್’. ಎರಡನ್ನೂ ನೋಡಿದ ಮೇಲೆ, ಚಂದ್ರಿಗೂ ನಸ್ತಾಸ್ಯಳಿಗೂ ನಾನು ಹೇಳಿದ ಸಂಬಂಧ ನಿಮಗೆ ಸರಿ ಕಾಣದಿದ್ದರೆ ಎದ್ದು ನಿಂತು ಹೇಳಿ. ಆ ಚರ್ಚೆಗೆ ಕರೆದರೆ ನಾನು ಖಂಡಿತ ಬರುತ್ತೇನೆ.